ಸ್ಟುಡಿಯೊ ಅಂಕಲ್ ಮತ್ತು ಹಳದಿ ಗೆರೆ

ಅಂಕಲ್ ಯಾವುದನ್ನು ನೋಡಿದರೂ ಎಡಗಣ್ಣು ಮುಚ್ಚಿಯೇ ನೋಡುತ್ತಿದ್ದರು. ಹಾಲಿನ ಕ್ಯಾನಿನ ಮೇಲಿನ ತಾರೀಖಿರಲಿ, ನನ್ನ ಮಗಳ ಹೊಸ ಫ್ರಾಕಿರಲಿ, ಮೊದಲು ಎಡಗಣ್ಣು ಮುಚ್ಚಬೇಕು, ಬಲಗಣ್ಣು ಕಿರಿದಾಗಬೇಕು, ತಲೆ ಒಂದಿಷ್ಟು ವಾಲಬೇಕು. ಆಮೇಲೆ ಮಾತು. ಪರಿಚಯವಿಲ್ಲದವರಿಗೆ ಕಣ್ಣು ಹೊಡೆದ ಹಾಗೆ ಕಾಣುತ್ತಿತ್ತು. ಒಮ್ಮೆ ಅಂಗಡಿಯ ಕೌಂಟರಿನ ಅಮೆರಿಕನ್ ಹುಡುಗಿಯೊಬ್ಬಳು ನಕ್ಕು ತಾನೂ ಕಣ್ಣು ಹೊಡೆದಳು. ಆಂಟಿ ಮನೆ ಮುಟ್ಟುವ ತನಕ ಅಂಕಲ್ ಜೊತೆ ಮಾತು ಬಿಟ್ಟಿದ್ದರು.

ದಾವಣಗೆರೆಯಲ್ಲಿ ಅವರದೊಂದು ಫೋಟೊ ಸ್ಟುಡಿಯೊ ಇತ್ತು. ಜೀವಮಾನವಿಡೀ ಕ್ಯಾಮೆರಾದ ಕಿಂಡಿಗೆ ಬಲಗಣ್ಣಿಟ್ಟವರು. ಅದನ್ನು ತಮ್ಮನಿಗೆ ವಹಿಸಿ, ಮಗಳ ಕರೆಗೆ ಒಪ್ಪಿ, ಗಂಡ ಹೆಂಡತಿ ಇಬ್ಬರೂ ಗ್ರೀನ್ ಕಾರ್ಡ್ ಹಿಡಿದು ಅಮೆರಿಕದ ವುಡ್‌ರಿಡ್ಜ್‌ಗೆ ಬಂದಿದ್ದರು. ಅಲ್ಲಿನ ನಮ್ಮ ಕನ್ನಡದ ಹೆಂಗಸರ ಬಾಯಲ್ಲಿ ಅವರು ಸ್ಟುಡಿಯೊ ಅಂಕಲ್.

ನನಗೆ ಅವರು ಸಿಕ್ಕಿದ್ದು ಇಂಡಿಯನ್ ಗ್ರಾಸರಿಯ ಬಾಗಿಲಲ್ಲಿ. ಆಗ ನನ್ನ ಗಂಡ ಸೋಮವಾರ ಬೆಳಿಗ್ಗೆ ಡೆಟ್ರಾಯಿಟ್‌ಗೆ ಹಾರಿದರೆ ಗುರುವಾರ ಸಂಜೆಯೇ ಮರಳುತ್ತಿದ್ದದ್ದು. ಮೈಸೂರಿನಲ್ಲಿ ಸಿಟಿ ಬಸ್ಸಿನಲ್ಲಿ ಊರೆಲ್ಲ ಸುತ್ತುತ್ತಿದ್ದ ನನಗೆ ಇಲ್ಲಿ ಕೊತ್ತಂಬರಿ ಸೊಪ್ಪು ಬೇಕೆಂದರೂ ಯಾರನ್ನಾದರೂ ಕಾಡಬೇಕು. ಆ ದಿನ ಕರೆತಂದವಳು ಯಾವುದೋ ಅವಸರದಲ್ಲಿ ಹೊರಟುಹೋಗಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಅಕ್ಕಿ ಚೀಲ, ಮೂಗು ಕಿತ್ತುಹೋಗುವಂಥ ಚಳಿ. ಟ್ಯಾಕ್ಸಿಗೆ ಕಾಯುತ್ತಾ, ಯಾರಿಗೆ ಅರ್ಥವಾಗುತ್ತದೆ ಎಂಬ ಧೈರ್ಯದಲ್ಲಿ, "ಈ ಮನುಷ್ಯನ ಕೆಲಸಕ್ಕೆ ಬೆಂಕಿ ಹಾಕ!" ಎಂದು ಜೋರಾಗಿಯೇ ಬೈದುಕೊಂಡೆ.

"ಬೆಂಕಿ ಹಾಕಾದಾದ್ರೆ ಇತ್ಲಾಗೆ ಹಾಕವ್ವ, ಛಳಿ ಭಾಳ ಐತಿ," ಎಂದಿತು ಹಿಂದಿನಿಂದೊಂದು ದನಿ.

ತಿರುಗಿದರೆ ಬಿಳಿ ಗಡ್ಡದ ಮುದುಕರು, ಒಂದು ಕಣ್ಣು ಮುಚ್ಚಿಕೊಂಡು ನನ್ನನ್ನೇ ಅಳೆಯುತ್ತಿದ್ದಾರೆ. ಪಕ್ಕದಲ್ಲಿ ಆಂಟಿ ಶಾಲಿನೊಳಗೆ ನಗುತ್ತಿದ್ದರು. ತಮ್ಮ ಮೆರೂನ್ ಬಣ್ಣದ ಹಳೇ ಕಾರಿನಲ್ಲಿ ನನ್ನನ್ನು ಮನೆಗೆ ಬಿಟ್ಟರು. ಇಳಿಯುವಾಗ, "ಇನ್ನೊಬ್ರ ಗಾಡಿಗೆ ಎಷ್ಟು ದಿನ ಕಾಯ್ತಿಯವ್ವ? ಈ ದೇಶದಾಗೆ ಕಾಲು ಅಂದ್ರೆ ಗಾಡಿನೇ. ಶನಿವಾರದಿಂದ ಕಲಿಯಾಕೆ ಬಾ," ಎಂದರು. ಕೇಳಿದ್ದಲ್ಲ, ಅಪ್ಪಣೆ ಮಾಡಿದ್ದು.

ಮುಚ್ಚಿಹೋಗಿದ್ದ ದೊಡ್ಡ ಅಂಗಡಿಯೊಂದರ ಖಾಲಿ ಪಾರ್ಕಿಂಗ್ ಜಾಗವೇ ನಮ್ಮ ಪಾಠಶಾಲೆ. ಮದುಮಕ್ಕಳನ್ನು ಕೂರಿಸಿ ಫೋಟೊ ತೆಗೆಯುವ ಧಾಟಿಯಲ್ಲೇ ಅವರು ಡ್ರೈವಿಂಗ್ ಕಲಿಸುತ್ತಿದ್ದರು. "ಭುಜ ಸಡಿಲ ಬಿಡು. ಗಲ್ಲ ಮ್ಯಾಲೆ. ಬಾನೆಟ್ ಏನ್ ನೋಡ್ತಿ, ಅದೇನು ಓಡಿಹೋಗ್ತೈತಾ? ದೂರ ನೋಡು. ಗಲ್ಲ ಮ್ಯಾಲೆ!" ಹಿಂದಿನ ಸೀಟಿನಲ್ಲಿ ನನ್ನ ಕೂಸನ್ನು ಮಡಿಲಲ್ಲಿಟ್ಟುಕೊಂಡ ಆಂಟಿ ತಸ್ಬಿಯ ಮಣಿ ಎಣಿಸುತ್ತಿರುತ್ತಿದ್ದರು. ನನಗಾಗಿ ಪ್ರಾರ್ಥಿಸುತ್ತಿದ್ದಾರೆಂದು ನಾನು ಕರಗಿಹೋದರೆ, "ನಿನಗಲ್ಲವ್ವ, ನನ್ ಜೀವಕ್ಕೆ ಓದ್ಕೊಳ್ತಿದೀನಿ," ಎಂದರು.

ನಾನೊಬ್ಬಳೇ ಅಲ್ಲ, ಆ ಸುತ್ತಿನ ಕನ್ನಡದ ಹೆಂಗಸರಲ್ಲಿ ಮುಕ್ಕಾಲು ಪಾಲು ಅವರ ಕೈಯಲ್ಲೇ ಸ್ಟಿಯರಿಂಗ್ ಹಿಡಿದವರು. ಲೈಸೆನ್ಸ್ ಬಂದ ದಿನ ನಮ್ಮನ್ನು ಆ ಕಾರಿಗೆ ಒರಗಿಸಿ ನಿಲ್ಲಿಸಿ ಫೋಟೊ ತೆಗೆಯುತ್ತಿದ್ದರು, ಊರಿಗೆ ಕಳಿಸಲು. ಆ ಫೋಟೊದ್ದೊಂದು ಕಟ್ಟುನಿಟ್ಟು. ಪ್ರಿಂಟ್ ಹಾಕಿಸಿ ತಂದು, ದೀಪದ ಕೆಳಗೆ ತಾವೊಬ್ಬರೇ ನೋಡಿ, ಕವರಿಗೆ ಗೋಂದು ಹಚ್ಚಿ ಮುಚ್ಚಿ, ಅಂಟಿನ ಮೇಲೆ ಅಡ್ಡಕ್ಕೆ ಸಹಿ ಹಾಕಿಯೇ ಕೊಡುವುದು. ಮಧ್ಯದಲ್ಲಿ ಆಂಟಿಯೂ ಬಿಡಿಸುವಂತಿಲ್ಲ. "ಗಿರಾಕಿಗಿಂತ ಮುಂಚೆ ಬ್ಯಾರೆಯವ್ರು ನೋಡಿದ್ರೆ ದೃಷ್ಟಿ ತಗಲ್ತೈತಿ. ನಮ್ಮ ಸ್ಟುಡಿಯೊದಾಗೆ ಮೊದಲಿಂದ್ಲೂ ಹಂಗೇ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು, ಆದರೆ ಮುರಿಯುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಆ ಹಾಳು ಟಿಕೆಟ್ಟಿನ ಕಥೆಗಾಗಿ.

ಅದೊಂದು ಶುಕ್ರವಾರ. ಮಸೀದಿಯಿಂದ ಮರಳುವಾಗ ಅಂಕಲ್ ಪಕ್ಕದ ಊರಿನ ಲೈಬ್ರರಿಯ ಮುಂದೆ ಕಾರು ನಿಲ್ಲಿಸಿ, ಆಂಟಿ ನೋಡಿ ಮುಗಿಸಿದ್ದ ವಿಡಿಯೊ ಕ್ಯಾಸೆಟ್ಟುಗಳನ್ನು ವಾಪಸು ಕೊಡಲು ಒಳಗೆ ಹೋದರು. ಬರುವಷ್ಟರಲ್ಲಿ ವೈಪರಿನ ಕೆಳಗೆ ಪಾರ್ಕಿಂಗ್ ಟಿಕೆಟ್. ರಸ್ತೆಯಂಚಿನ ಕಟ್ಟೆಗೆ ಹಳದಿ ಗೆರೆ ಬಳಿದ ಕಡೆ ಗಾಡಿ ನಿಲ್ಲಿಸಬಾರದು, ನೀವು ನಿಲ್ಲಿಸಿದ್ದೀರಿ ಎಂದು ಅದರ ಸಾರಾಂಶ.

ಟಿಕೆಟ್ ಹಿಡಿದುಕೊಂಡು ಅಂಕಲ್ ನೇರವಾಗಿ ನಮ್ಮ ಮನೆಗೇ ಬಂದರು. ಮುಖ ಕೆಂಪಾಗಿತ್ತು. "ಎಲ್ಲೈತವ್ವ ಹಳದಿ? ನಾ ಇಳಿದು ಎರಡು ಸಲ ನೋಡೀನಿ. ಬರೇ ಸಿಮೆಂಟು. ಮುದುಕ ಅದಾನೆ, ಗಡ್ಡ ಐತಿ, ಬರೆದು ಬಿಸಾಕು ಅಂದ್ಕೊಂಡಿರಬೇಕು."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ಸಿಗ್ನಲ್ ಕೊಡದೆ ಮನೆಯ ಅಂಗಳದಿಂದಲೂ ಗಾಡಿ ಹೊರಡಿಸದ ಮನುಷ್ಯ ಇವರು! "ಬಿಡಬೇಡಿ ಅಂಕಲ್. ಚಾಲೆಂಜ್ ಮಾಡೋಣ. ನಾನೂ ಬರ್ತೀನಿ," ಎಂದು ನಾನೂ ಸೊಂಟ ಕಟ್ಟಿ ನಿಂತೆ. ದಂಡ ಕಟ್ಟಿ ಕೈ ತೊಳೆದುಕೊಂಡರೆ ಮುಗಿಯುವ ವಿಷಯವಾಗಿತ್ತು, ನಿಜ. ಆದರೆ ಅವರ ಮನೆಯಲ್ಲಿ ಆಗಲೇ ಬೇರೊಂದು ಮಾತು ಎದ್ದಿತ್ತು.

ಅವರ ಮಗಳು ತನ್ನ ಅಬ್ಬಾನ ಡ್ರೈವಿಂಗ್ ಬಗ್ಗೆ ಕೆಲವು ತಿಂಗಳಿಂದ ಚಿಂತೆಗೆ ಬಿದ್ದಿದ್ದಳು. ಎದುರು ಮನೆಯವರ ಅಂಚೆಪೆಟ್ಟಿಗೆಯ ಕಂಬಕ್ಕೆ ಗುದ್ದಿದ್ದರು. ಹಿಮದಲ್ಲಿ ಜಾರಿತು ಎಂದು ಹೊಸ ಕಂಬ ನೆಟ್ಟುಕೊಟ್ಟಿದ್ದರು. ಬಾಗಿಲ ಮೇಲೆ ಉದ್ದ ಗೀರು ಬಿದ್ದಿತ್ತು. ಯಾರೋ ಗೀರಿ ಹೋದರು ಎಂದಿದ್ದರು. ಸಕ್ಕರೆ ಕಾಯಿಲೆ ಇದೆ, ಕಣ್ಣು ತೋರಿಸಿ ಎಂದರೆ, ಇನ್ಶೂರೆನ್ಸ್ ಇಲ್ಲದವನಿಗೆ ಇಲ್ಲದ ರೋಗ ಹುಡುಕಬೇಡ ಎನ್ನುತ್ತಿದ್ದರು. ಆ ಸಂಜೆ ನಾನು ಅಲ್ಲೇ ಇದ್ದೆ. ಮಗಳು ಆಫೀಸಿನಿಂದ ಬಂದವಳೇ ಟಿಕೆಟ್ ನೋಡಿ ಸೋಫಾದ ಮೇಲೆ ಕುಸಿದು ಕೂತಳು.

"ಅಬ್ಬಾ, ಆ ರೋಡಲ್ಲಿ ಮಕ್ಕಳು ಓಡಾಡ್ತಾರೆ. ಗೆರೆನೇ ಕಾಣ್ಲಿಲ್ಲ ಅಂದ್ರೆ ನಾಳೆ ಇನ್ನೇನು ಕಾಣಲ್ಲ? ಪ್ಲೀಸ್, ಕೀ ಕೊಟ್ಬಿಡಿ."

"ಗೆರೆ ಇದ್ರೆ ತಾನೆ ಕಾಣಾದು?"

"ಸರಿ, ಚಾಲೆಂಜ್ ಮಾಡಿ. ಟಿಕೆಟ್ ಸರಿ ಅಂತ ಅವರು ಹೇಳಿದ್ರೆ ಕೀ ನನ್ನ ಕೈಗೆ ಬರಬೇಕು."

ಅಂಕಲ್ ಎದ್ದು ನಿಂತರು. "ಆಯ್ತು. ತಪ್ಪು ಅಂತ ಹೇಳಿದ್ರೆ ಈ ಮಾತು ಇನ್ನೊಂದು ಸಲ ಈ ಮನಿಯಾಗೆ ಬರಬಾರದು." ಆಂಟಿ ಅಡುಗೆಮನೆ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡಿದರು.

ಸಾಕ್ಷಿ ತಯಾರಿ ಮಾರನೆಯ ವಾರವೇ ಶುರುವಾಯಿತು. ಊರಿನಿಂದ ತಂದಿದ್ದ ಭಾರದ ಕ್ಯಾಮೆರಾ ಪೆಟ್ಟಿಗೆಯಿಂದ ಹೊರಬಂತು. ಲೈಬ್ರರಿಯ ಮುಂದಿನ ಆ ಕಟ್ಟೆಯನ್ನು ಅಂಕಲ್ ಒಂದು ರೋಲ್ ಪೂರ್ತಿ ತೆಗೆದರಂತೆ. ನಿಂತು, ಕೂತು, ಮಂಡಿಯೂರಿ, ಒಮ್ಮೆ ರಸ್ತೆಯ ಆಚೆಗೂ ಹೋಗಿ. ಹಾದುಹೋಗುವವರು ಏನೋ ಸಿನಿಮಾ ಶೂಟಿಂಗ್ ಎಂದುಕೊಂಡು ದಾರಿ ಬಿಟ್ಟರಂತೆ. ಪ್ರಿಂಟ್ ಬಂದವು, ದೀಪದ ಕೆಳಗೆ ಪರೀಕ್ಷೆಯಾಯಿತು, ಕವರು ಮುಚ್ಚಿತು, ಸಹಿ ಬಿತ್ತು. "ಒಂದು ಸಲ ತೋರ್ಸಿ ಅಂಕಲ್," ಎಂದು ನಾನು ಗೋಗರೆದೆ.

"ಗಿರಾಕಿ ನೀನಲ್ಲ ತಾಯಿ, ಸರ್ಕಾರ. ಎಲ್ಲ ಫೋಟೊನೂ ನೋಡೀನಿ. ಒಂದರಾಗೂ ಹಳದಿ ಇಲ್ಲ."

ವಿಚಾರಣೆಯ ದಿನ ಅಂಕಲ್ ಬೂದು ಬಣ್ಣದ ಸಫಾರಿ ಸೂಟು ಹಾಕಿಕೊಂಡಿದ್ದರು, ದಾವಣಗೆರೆಯಲ್ಲಿ ದೊಡ್ಡವರ ಮನೆ ಮದುವೆಗಳಿಗೆ ಹಾಕುತ್ತಿದ್ದದ್ದು. ಕಾಲಿಗೆ ಮಾತ್ರ ಹಿಮದ ಬೂಟು. ಅವರೇ ಡ್ರೈವ್ ಮಾಡಿದರು. ನಾನು ಪಕ್ಕದಲ್ಲಿ, ಇಂಗ್ಲಿಷಿಗೆ ತಡವರಿಸಿದರೆ ಇರಲಿ ಎಂದು. ದಾರಿಯಲ್ಲಿ ಒಂದು ಕಡೆ ಕಾರು ಗಕ್ಕನೆ ನಿಂತಿತು. ಸಿಗ್ನಲ್ ಕೆಂಪಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು. ನಾನು ಅದನ್ನು ಅವರ ಇವತ್ತಿನ ಟೆನ್ಷನ್ ಎಂದುಕೊಂಡೆ.

ವಿಚಾರಣೆಯ ಕೋಣೆಯಲ್ಲಿ ಸಿನಿಮಾದ ಕೋರ್ಟಿನ ಕಟಕಟೆ, ಸುತ್ತಿಗೆ ಏನೂ ಇರಲಿಲ್ಲ. ಒಂದು ಉದ್ದ ಮೇಜು, ಅದರ ಹಿಂದೆ ವಿಚಾರಣೆ ನಡೆಸುವ ವಯಸ್ಸಾದ ಹೆಂಗಸು, ಕತ್ತಿನಲ್ಲಿ ಸರದಿಂದ ಇಳಿಬಿದ್ದ ಕನ್ನಡಕ. ನಮಗಿಂತ ಮುಂಚಿನವನು ನಾಯಿಗೆ ಹುಷಾರಿರಲಿಲ್ಲ ಎಂಬ ಕಾರಣ ಹೇಳಿ ದಂಡ ಕಟ್ಟಿ ಹೋದ. ನಮ್ಮ ಸರದಿ ಬಂತು. ಅಂಕಲ್ ಮೇಜಿನ ಮುಂದೆ ನೆಟ್ಟಗೆ ನಿಂತು, ತಾನು ಫೋಟೊಗ್ರಾಫರ್ ಎಂದು ಪರಿಚಯ ಹೇಳಿಕೊಂಡು, ಆ ಜಾಗದಲ್ಲಿ ಹಳದಿ ಗೆರೆ ಇಲ್ಲವೇ ಇಲ್ಲ, ಸಾಕ್ಷಿ ಇಗೋ ಎಂದು ಕವರನ್ನು ಎರಡೂ ಕೈಯಲ್ಲಿ ಕೊಟ್ಟರು. ಇಂಗ್ಲಿಷ್ ಎಲ್ಲೂ ತಡವರಿಸಲಿಲ್ಲ. ನನಗೆ ಹೆಮ್ಮೆಯೆನಿಸಿತು.

ಆಕೆ ಕನ್ನಡಕ ಏರಿಸಿ ಕವರು ಹರಿದರು. ಒಂದೊಂದೇ ಫೋಟೊ ತೆಗೆದು ಮೇಜಿನ ಮೇಲೆ ಹರಡಿದರು. ನೋಡಿದರು. ಮತ್ತೆ ನೋಡಿದರು. ಅಂಕಲ್ ಮುಖವನ್ನು ಒಮ್ಮೆ ನೋಡಿದರು. "ಸರ್, ಫೋಟೊ ಬಹಳ ಚೆನ್ನಾಗಿ ತೆಗೆದಿದ್ದೀರಿ," ಎಂದು, ಫೋಟೊಗಳನ್ನು ನಮ್ಮ ಕಡೆಗೆ ತಿರುಗಿಸಿ, "ಇವುಗಳಲ್ಲಿ ನಿಮಗೆ ಏನು ಕಾಣುತ್ತಿದೆ?" ಎಂದರು.

ಎಲ್ಲದರಲ್ಲೂ ಹಳದಿ ಇತ್ತು. ಹಬ್ಬದ ದಿನ ಅರಿಶಿನ ಬಳಿದ ಹೊಸ್ತಿಲಿನ ಹಾಗೆ, ಈ ತುದಿಯಿಂದ ಆ ತುದಿಗೆ, ಢಾಳಾದ ಹಳದಿ.

ಅಂಕಲ್ ಒಂದು ಫೋಟೊ ಎತ್ತಿಕೊಂಡರು. ಕಣ್ಣು ಮುಚ್ಚಿದರು. ಆಗ ಗಮನಿಸಿದೆ: ಮುಚ್ಚಿದ್ದು ಬಲಗಣ್ಣು. ಯಾವಾಗಿನಿಂದ ಬಲಗಣ್ಣು? ಫೋಟೊವನ್ನು ಹತ್ತಿರ ತಂದರು, ದೂರ ಹಿಡಿದರು, ದೀಪದ ಕಡೆಗೆ ವಾಲಿಸಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕನ್ನಡದಲ್ಲಿ ಕೇಳಿದರು.

"ಅವ್ವ, ಏನೈತಿ ಇದ್ರಾಗೆ?"

ಆ ಕೋಣೆಯಲ್ಲಿ ಅವರ ಮಾತು ಅರ್ಥವಾಗುವುದು ನನಗೊಬ್ಬಳಿಗೇ. ಇಲ್ಲ ಎನ್ನಲೇ? ಮಕ್ಕಳು ಓಡಾಡುವ ರಸ್ತೆ ನೆನಪಾಯಿತು. ಹೌದು ಎನ್ನಲೇ? ಆ ಮುಖ ನೋಡುತ್ತಾ ಹೇಗೆ ಎನ್ನಲಿ? ನನ್ನನ್ನು ಎಂಥ ಇಕ್ಕಟ್ಟಿಗೆ ತಂದಿಟ್ಟೆ ದೇವರೇ ಎಂದು ಒಳಗೇ ಅತ್ತೆ.

"ಇದೆ ಅಂಕಲ್," ಎಂದೆ.

"ಎಷ್ಟರಾಗೆ?"

"ಎಲ್ಲದ್ರಲ್ಲೂ."

ಅವರು ಹೆಬ್ಬೆರಳಿನಿಂದ ಫೋಟೊದ ಅಂಚು ಸವರಿದರು. "ಫೋಕಸ್ ಹೆಂಗೈತಿ?"

"ಚೆನ್ನಾಗಿದೆ ಅಂಕಲ್. ಸಿಮೆಂಟಿನ ಬಿರುಕೂ ಕಾಣ್ತಿದೆ."

"ಕೈ ಆದ್ರೂ ಸರಿ ಐತಿ ಹಂಗಾದ್ರೆ," ಎಂದು ಫೋಟೊವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

ನಮ್ಮ ಮಾತು ತಿಳಿಯದಿದ್ದರೂ ಆ ಹೆಂಗಸಿಗೆ ವಿಷಯ ತಿಳಿದಿತ್ತು. ಬಹಳ ಮೃದುವಾಗಿ, "ಆ ದಿನ ಗೆರೆಯ ಮೇಲೆ ಹಿಮ ಬಿದ್ದಿತ್ತೇನೋ, ಸರ್?" ಎಂದರು. ಬಾಗಿಲು ತೆರೆದುಕೊಟ್ಟ ಹಾಗಿತ್ತು. ನಾನು ಅಂಕಲ್‌ನ ಸಫಾರಿಯ ತೋಳು ಜಗ್ಗಿ, "ಹೂಂ ಅನ್ನಿ ಅಂಕಲ್, ಹೂಂ ಅನ್ನಿ," ಎಂದೆ.

"ಇಲ್ಲ ಮೇಡಂ," ಎಂದರು ಅಂಕಲ್. "ಅವತ್ತು ಹಿಮ ಇರಲಿಲ್ಲ. ಒಳ್ಳೆ ಬಿಸಿಲಿತ್ತು."

ಆಕೆ ಟಿಕೆಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಅದರ ಮೇಲೆ ಏನೋ ಬರೆದರು. ಕೊನೆಗೆ, ಇದು ನಿಮ್ಮ ಮೊದಲ ಟಿಕೆಟ್, ಎಚ್ಚರಿಕೆ ಕೊಟ್ಟು ದಂಡ ವಜಾ ಮಾಡುತ್ತಿದ್ದೇನೆ, ದಯವಿಟ್ಟು ಕಣ್ಣಿನ ಡಾಕ್ಟರನ್ನು ಕಾಣಿ ಎಂದರು. ಫೋಟೊಗಳನ್ನು ಜೋಡಿಸಿ, ಹರಿದ ಕವರಿನಲ್ಲೇ ಹಾಕಿ, ಆಕೆಯೂ ಎರಡೂ ಕೈಯಲ್ಲಿ ವಾಪಸು ಕೊಟ್ಟರು.

ಗೆದ್ದಿದ್ದೆವು. ಯಾರಿಗೆ ಬೇಕಿತ್ತು ಅಂಥ ಗೆಲುವು!

ಹೊರಗೆ ಬಂದು ಕಾರಿನ ಹತ್ತಿರ ಅಂಕಲ್ ಕೀ ತೆಗೆದು ನನ್ನ ಮುಂದೆ ಹಿಡಿದರು. "ನೀ ಓಡ್ಸು." ನಾನು ಕೂತೆ, ಸ್ಟಾರ್ಟ್ ಮಾಡಿದೆ, ಕಣ್ಣಲ್ಲಿ ನೀರು ತುಂಬಿ ಎದುರಿನ ರಸ್ತೆ ಕದಡಿಹೋಯಿತು. ಒರೆಸಿಕೊಳ್ಳಲು ತಲೆ ತಗ್ಗಿಸಿದರೆ ಪಕ್ಕದಿಂದ, "ಗಲ್ಲ ಮ್ಯಾಲೆ," ಎಂದರು. ಮನೆಯವರೆಗೆ ಅದೊಂದೇ ಮಾತು.

ಮಗಳು ಅರ್ಧ ದಿನ ರಜೆ ಹಾಕಿ ಬಾಗಿಲಲ್ಲೇ ಕಾದಿದ್ದಳು. "ಏನಾಯ್ತು ಅಬ್ಬಾ?"

"ಗೆದ್ದೆ. ವಜಾ ಆಯ್ತು."

ಅವಳು ಉಸಿರು ಬಿಟ್ಟಳು. ಖುಷಿಯೋ ಭಯವೋ ಅವಳಿಗೇ ಗೊತ್ತಿಲ್ಲದಂಥ ನಗೆ ನಕ್ಕು, "ಸರಿ, ಮಾತು ಅಂದ್ರೆ ಮಾತು. ಇನ್ನು ಕೀ ವಿಷ್ಯ ಎತ್ತಲ್ಲ," ಎಂದಳು. ಅಂಕಲ್ ನನ್ನಿಂದ ಕೀ ತೆಗೆದುಕೊಂಡು, ಅವಳ ಕೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿಟ್ಟರು.

ಎಷ್ಟೋ ದಿನದಿಂದ ಆ ಕೀಗಾಗಿ ಜಗಳವಾಡಿದ್ದವಳು ಈಗ ಅದನ್ನು ಅವರ ಕೈಗೇ ತುರುಕಲು ಹೋದಳು. "ಬೇಡ ಅಬ್ಬಾ, ನೀವ್ ಗೆದ್ರಲ್ಲ! ನೀವೇ ಇಟ್ಕೊಳ್ಳಿ!"

"ಕಾಣಂಗಿಲ್ಲ ಅಂತ ಗೊತ್ತಾದ ಮ್ಯಾಲೆ ಹೆಂಗವ್ವ ಓಡಸ್ಲಿ?" ಎಂದರು ಅಂಕಲ್. ಅಡುಗೆಮನೆಯಲ್ಲಿ ಆಂಟಿ ನಲ್ಲಿ ಜೋರಾಗಿ ತಿರುಗಿಸಿದ ಸದ್ದು ಕೇಳಿಸಿತು. ಅವರು ಅಳುವುದು ಯಾರಿಗೂ ಕೇಳಬಾರದಿತ್ತು.

ಕಣ್ಣಿನ ಡಾಕ್ಟರು ತಡವಾಯಿತು ಎಂದರು. ಸಕ್ಕರೆ ಕಾಯಿಲೆ ಒಳಗಿನ ಪರದೆಯನ್ನು ತಿಂದಿತ್ತಂತೆ. ಬಲಗಣ್ಣು ಬಹುಪಾಲು ಹೋಗಿತ್ತು, ಎಡಗಣ್ಣು ಅದೇ ದಾರಿ ಹಿಡಿದಿತ್ತು. ಹಳದಿಯಂಥ ಕೆಲವು ಬಣ್ಣ ಮೊದಲು ಹೋಗುತ್ತವೆ ಎಂದು ವಿವರಿಸಿದರು. ಲೇಸರ್ ಮಾಡಿದರು, ಇದ್ದಷ್ಟನ್ನು ಉಳಿಸಲು. ಹೋದದ್ದು ಬರಲಿಲ್ಲ.

ನಾವು ಶಿಷ್ಯೆಯರೆಲ್ಲ ಸೇರಿ ಸರದಿಯ ಮೇಲೆ ಅವರನ್ನು ಕರೆದೊಯ್ಯುವುದೆಂದು ನಿಶ್ಚಯಿಸಿದೆವು. ಶುಕ್ರವಾರ ನನ್ನದು. ಮಸೀದಿಯ ಹೊರಗೆ ಕಾರಿನಲ್ಲಿ ಕೂತು ನಾನು ಕಾಯುತ್ತಿದ್ದೆ. ಮರಳುವಾಗ, "ಈಗ ಏನ್ ಕಾಣ್ತೈತಿ?" ಎಂದು ಕೇಳುತ್ತಿದ್ದರು. ನಾನು ಹೇಳಬೇಕು: ಎಲೆ ಉದುರಿದ ಮರ, ಅದರ ಹಿಂದೆ ನೀರಿನ ಟ್ಯಾಂಕು, ಮೋಡ. "ಟ್ಯಾಂಕ್ ಬಿಟ್ಟು ಬರೇ ಮರ ಹಿಡಿ," ಎನ್ನುತ್ತಿದ್ದರು. ಆದರೂ ದಿನದ ಬಹುಪಾಲು ಕಿಟಕಿಯ ಬಳಿಯ ಕುರ್ಚಿಯಲ್ಲೇ. "ಪಾರ್ಸಲ್ ಆಗಿಬಿಟ್ನವ್ವ. ಯಾರೋ ಎತ್ತಬೇಕು, ಯಾರೋ ಇಳಿಸಬೇಕು," ಎಂದರು ಒಂದು ದಿನ.

ನಮ್ಮ ಸರದಿಯೂ ಉಳಿಯಲಿಲ್ಲ. ಒಬ್ಬಳು ದೊಡ್ಡ ಮನೆ ಕಟ್ಟಿಸಿ ದೂರದ ಪ್ಲೇನ್‌ಫೀಲ್ಡ್‌ಗೆ ಹೋದಳು, ಇನ್ನೊಬ್ಬಳ ಗಂಡನ ವೀಸಾ ಮುಗಿಯಿತು. ಕೊನೆಗೆ ನನ್ನ ಗಂಡನಿಗೂ ಡೆಟ್ರಾಯಿಟ್‌ನ ಕೆಲಸ ಖಾಯಂ ಆಗಿ ನಾವು ಅದರ ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಗಂಟುಮೂಟೆ ಕಟ್ಟಿದೆವು. ಹೇಳಿ ಹೋಗಲು ಹೋದಾಗ ಅಂಕಲ್ ನನ್ನ ದನಿಯ ಕಡೆಗೆ ಮುಖ ತಿರುಗಿಸಿ, "ಹೈವೇನಾಗೆ ಟ್ರಕ್ ಪಕ್ಕ ಅಂಟ್ಕೊಂಡು ಹೋಗಬ್ಯಾಡ. ದಾಟಿದ್ರೆ ದಾಟು, ಇಲ್ಲ ಹಿಂದೆ ಉಳಿ," ಎಂದರು. ಆಶೀರ್ವಾದ ಎಂದರೆ ಅದೇ. ಆಮೇಲೆ ಪ್ರತಿ ಶುಕ್ರವಾರ ಫೋನು. ಅಲ್ಲಿ ಏನು ಕಾಣುತ್ತಿದೆ ಎಂದು ಕೇಳುತ್ತಿದ್ದರು, ನಾನು ನಮ್ಮ ಕಿಟಕಿಯಿಂದ ಕಂಡದ್ದನ್ನು ಹೇಳುತ್ತಿದ್ದೆ.

ಅವರು ಹೋದ ಸುದ್ದಿ ಬಂದದ್ದು ಬೆಳಗಿನ ಜಾವ. "ಮಧ್ಯಾಹ್ನದ ನಮಾಜ್ ಆದ್ಮೇಲೆ ದಫನ್. ನೀನು ಅಷ್ಟು ದೂರದಿಂದ ಬರೋದು ಕಷ್ಟ," ಎಂದಳು ಅವರ ಮಗಳು ಫೋನಿನಲ್ಲಿ. ನನ್ನ ಗಂಡ ಊರಲ್ಲಿರಲಿಲ್ಲ. ನನ್ನ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಉಟ್ಟಿದ್ದ ಸೀರೆಯಲ್ಲೇ ಕಾರು ಹತ್ತಿದೆ. ಮಿಷಿಗನ್ ರಾಜ್ಯದ ಉದ್ದಕ್ಕೂ ಒಬ್ಬಳೇ, ಟ್ರಕ್ಕುಗಳನ್ನು ದಾಟಿಕೊಂಡು, ಹಿಂದೆ ಉಳಿದುಕೊಂಡು. ಬಾನೆಟ್ಟಿನ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಖಬರಸ್ತಾನದ ಬಳಿ ಬಂದಾಗ ರಸ್ತೆಯ ಎರಡೂ ಕಡೆ ಕಾರುಗಳು ಕಿಕ್ಕಿರಿದಿದ್ದವು. ದೂರದಲ್ಲಿ ಜನ ಮಯ್ಯತ್ತನ್ನು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದದ್ದು ನನಗೆ ಕಾಣಿಸಿತು. ಗೇಟಿನ ಪಕ್ಕದಲ್ಲೇ, ಒಂದು ಕಾರಿಗೆ ಸರಿಯಾಗಿ ಆಗುವಷ್ಟು ಜಾಗ ಖಾಲಿ ಇತ್ತು. ಇಂಡಿಕೇಟರ್ ಹಾಕಿದೆ. ಆಗ ನೋಡಿದೆ, ಕಟ್ಟೆಗೆ ಉದ್ದಕ್ಕೂ ಹಳದಿ ಬಳಿದಿದ್ದರು.

ಇಂಡಿಕೇಟರ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಇವತ್ತಾದರೂ ನಿಲ್ಲಿಸಬಾರದೇ, ಯಾರು ಏನೆಂದಾರು ಎಂದು ಮನಸ್ಸು ಒದ್ದಾಡಿತು. ನಿಲ್ಲಿಸಲು ಆಗಲಿಲ್ಲ. ಗಲ್ಲ ಎತ್ತಿ ಮುಂದೆ ಹೋದೆ. ಎಲ್ಲೋ ದೂರದ ಬೀದಿಯಲ್ಲಿ ಜಾಗ ಹುಡುಕಿ, ಕಾರು ನಿಲ್ಲಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಹಿಮದಲ್ಲಿ ಓಡಿಕೊಂಡು ಬರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು.

"ಗೇಟ್ ಹತ್ರನೇ ಜಾಗ ಇತ್ತಲ್ಲ, ಅಲ್ಲೇ ಹಾಕ್ಬಾರ್ದಿತ್ತಾ?" ಎಂದು ಅಂಕಲ್ ಮಗಳು ನನ್ನನ್ನು ತಬ್ಬಿಕೊಂಡು ಅತ್ತಳು.

ಅಲ್ಲಿ ಹಳದಿ ಇತ್ತು. ನನಗೆ ಅದು ಚೆನ್ನಾಗಿ ಕಾಣುತ್ತಿತ್ತು. ಕಂಡ ಮೇಲೆ ಹೇಗೆ ನಿಲ್ಲಿಸಲಿ?